ಅರ್ಥ ಖಚಿತವಾಗದ ಜೀನ್ ವರದಿಗೆ ಹೊರದೇಶಗಳ ದತ್ತಾಂಶದಲ್ಲಿ ಉತ್ತರ ಹುಡುಕುವ ಬಗೆ

ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತದೆ, ಎರಡು ವರ್ಷ ತುಂಬಿದರೂ ನಡೆಯುತ್ತಿಲ್ಲ, ಎಂಆರ್‌ಐಯಲ್ಲಿ ಏನೂ ಕಾಣಲಿಲ್ಲ. ಕೊನೆಗೆ ವೈದ್ಯರು ಎಕ್ಸೋಮ್ ಪರೀಕ್ಷೆ, ಅಂದರೆ ಜೀನ್‌ಗಳಲ್ಲಿ ಪ್ರೋಟೀನಿಗೆ ಸೂಚನೆ ಕೊಡುವ ಭಾಗಗಳನ್ನೆಲ್ಲ ಒಟ್ಟಿಗೆ ಓದುವ ಪರೀಕ್ಷೆ, ಬರೆದುಕೊಡುತ್ತಾರೆ. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ 'ಮಹತ್ವ ಖಚಿತವಾಗದ ವ್ಯತ್ಯಾಸ', ಲ್ಯಾಬಿನವರ ಮಾತಿನಲ್ಲಿ ವಿಯುಎಸ್, ಎಂದಿರುತ್ತದೆ. ಎಷ್ಟೋ ಕುಟುಂಬಗಳು ಆ ವರದಿಯನ್ನು ಫೈಲಿಗೆ ಸೇರಿಸಿ ಅಲ್ಲಿಗೇ ಬಿಟ್ಟುಬಿಡುತ್ತವೆ. ಹಾಗೆ ಬಿಡಬಾರದು. ಒಂದೇ ಮಗುವಿನಲ್ಲಿ ಕಂಡ ವ್ಯತ್ಯಾಸವು ಕಾಯಿಲೆಗೆ ಕಾರಣವೋ ಅಲ್ಲವೋ ಎಂದು ಒಂದು ಲ್ಯಾಬ್ ತಾನಾಗಿ ಹೇಳುವುದು ಕಷ್ಟ. ಅದೇ ಜೀನಿನಲ್ಲಿ ದೋಷವಿರುವ ಮತ್ತೊಂದು ಮಗು ಬ್ರೆಜಿಲಿನಲ್ಲೋ ನೆದರ್‌ಲ್ಯಾಂಡ್ಸಿನಲ್ಲೋ ಇದ್ದು, ಇಬ್ಬರ ಲಕ್ಷಣಗಳೂ ತಾಳೆಯಾದಾಗ ಉತ್ತರ ಹತ್ತಿರವಾಗುತ್ತದೆ. ಹೀಗೆ ತಾಳೆ ನೋಡುವ ವ್ಯವಸ್ಥೆಯನ್ನು ಹಲವು ದೇಶಗಳವರು ಸೇರಿ ಕಟ್ಟಿದ್ದಾರೆ, ಅದರ ಬಹುಪಾಲು ಉಚಿತವಾಗಿದೆ. ಅದನ್ನು ಬಳಸುವ ಕ್ರಮವನ್ನು ಪೋಷಕರಿಗೂ ಮಕ್ಕಳ ವೈದ್ಯರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದಪತ್ರ. ವರದಿಯ ಪ್ರತಿಯ ಜೊತೆಗೆ, ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸಗಳೆಲ್ಲವನ್ನೂ ಪಟ್ಟಿಮಾಡಿರುವ ವಿಸಿಎಫ್ ಎಂಬ ಫೈಲನ್ನೂ ಕೊಡಿ ಎಂದು ಲ್ಯಾಬಿಗೆ ಲಿಖಿತವಾಗಿ ಕೇಳಿ. ಅವರು ಅದನ್ನು ಎಷ್ಟು ಕಾಲ ಇಟ್ಟುಕೊಂಡಿರುತ್ತಾರೆ ಎಂಬುದನ್ನೂ ಆಗಲೇ ಕೇಳಿಬಿಡಿ. ವರದಿಯಲ್ಲಿ ಜೀನಿನ ಹೆಸರು, ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ (ಜೀನಿನ ಯಾವ ರೂಪವನ್ನು ಆಧರಿಸಿ ವರದಿ ಬರೆದಿದ್ದಾರೆ ಎಂಬುದರ ಗುರುತು), ಡಿಎನ್‌ಎಯಲ್ಲಿ ಆದ ಬದಲಾವಣೆ ಇವಿಷ್ಟನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಸಣ್ಣ ಅಕ್ಷರದಲ್ಲಿ ಜಿಆರ್‌ಸಿಎಚ್37 ಅಥವಾ ಜಿಆರ್‌ಸಿಎಚ್38 ಎಂದು ಬರೆದಿರುವುದನ್ನು ನೋಡದೆ ದಾಟಿಹೋಗುವವರೇ ಹೆಚ್ಚು. ಮೊದಲನೆಯದು 2009ರಲ್ಲಿ, ಎರಡನೆಯದು 2013ರಲ್ಲಿ ಬಂದ ಮಾನವ ಜೀನೋಮಿನ ಮಾದರಿ ನಕ್ಷೆ. ಮರುಸರ್ವೆಯಾದ ಮೇಲೆ ಅದೇ ಹೊಲಕ್ಕೆ ಬೇರೆ ಸರ್ವೆ ನಂಬರು ಬರುವಂತೆ, ಒಂದೇ ವ್ಯತ್ಯಾಸಕ್ಕೆ ಈ ಎರಡು ನಕ್ಷೆಗಳಲ್ಲಿ ಬೇರೆ ಬೇರೆ ಸ್ಥಾನಸಂಖ್ಯೆ ಇರುತ್ತದೆ. ಹಳೆಯ ನಕ್ಷೆಯ ಸಂಖ್ಯೆಯನ್ನು ಹೊಸದರಲ್ಲಿ ಹುಡುಕಿ 'ಜಗತ್ತಿನಲ್ಲಿ ಯಾರಲ್ಲೂ ಇಲ್ಲ' ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಆದ್ದರಿಂದ ಆ ಸಾಲಿಗೆ ಕೆಂಪು ಗೆರೆ ಎಳೆದಿಡಿ.

ಆಮೇಲೆ ಲಕ್ಷಣಗಳ ಪಟ್ಟಿ. 'ಫಿಟ್ಸ್' ಎಂಬುದನ್ನು ಬೆಂಗಳೂರಿನ ವೈದ್ಯರು ಒಂದು ರೀತಿ, ಬರ್ಲಿನ್ನಿನವರು ಇನ್ನೊಂದು ರೀತಿ ಬರೆದರೆ ಕಂಪ್ಯೂಟರಿಗೆ ಎರಡೂ ಒಂದೇ ಎಂದು ತಿಳಿಯುವುದಿಲ್ಲ. ಇದಕ್ಕಾಗಿಯೇ ಎಚ್‌ಪಿಒ ಎಂಬ ಅಂತರರಾಷ್ಟ್ರೀಯ ಪದಕೋಶವಿದೆ: ಫಿಟ್ಸ್‌ಗೆ ಎಚ್‌ಪಿ:0001250, ತಲೆಯ ಗಾತ್ರ ಚಿಕ್ಕದಾಗಿರುವುದಕ್ಕೆ ಎಚ್‌ಪಿ:0000252. ಇರುವ ಲಕ್ಷಣಗಳಷ್ಟೇ ಅಲ್ಲದೆ, ಪರೀಕ್ಷಿಸಿ ಇಲ್ಲವೆಂದು ಕಂಡವನ್ನೂ ವೈದ್ಯರಿಂದ ಬರೆಸಿಕೊಳ್ಳಿ. ವಂಶಾವಳಿಯನ್ನೂ ಬರೆಸಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದಾಗಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಿ. ತಾಯಿ ತಂದೆ ಇಬ್ಬರಿಂದಲೂ ಒಂದೊಂದು ದೋಷವಿರುವ ಪ್ರತಿ ಬಂದಿರುವ ಸಾಧ್ಯತೆಯನ್ನು ತೂಗಿ ನೋಡಲು ಅದು ಬೇಕೇ ಬೇಕು. ಸಾಧ್ಯವಾದರೆ ಇಬ್ಬರ ರಕ್ತದಲ್ಲೂ ಆ ಒಂದು ವ್ಯತ್ಯಾಸವನ್ನು ಪರೀಕ್ಷಿಸಿ. ಎಷ್ಟೋ ವರದಿಗಳ ಗೊಂದಲ ಇಲ್ಲೇ ಅರ್ಧ ಬಗೆಹರಿಯುತ್ತದೆ.

ಈಗ ಹುಡುಕಾಟ. ಅಮೆರಿಕದ ಸರ್ಕಾರಿ ಸಂಸ್ಥೆ ನಡೆಸುವ ಕ್ಲಿನ್‌ವಾರ್ ಎಂಬ ದತ್ತಾಂಶಕೋಶದಲ್ಲಿ ನಾನಾ ದೇಶಗಳ ಲ್ಯಾಬ್‌ಗಳು ಯಾವ ವ್ಯತ್ಯಾಸ ಕಾಯಿಲೆಗೆ ಕಾರಣ, ಯಾವುದು ಅಲ್ಲ ಎಂಬ ತಮ್ಮ ತೀರ್ಮಾನಗಳನ್ನು ಸಲ್ಲಿಸಿರುತ್ತವೆ. ಪಕ್ಕದಲ್ಲಿರುವ ನಕ್ಷತ್ರಗಳನ್ನು ನೋಡಿ. ಒಂದು ನಕ್ಷತ್ರವೆಂದರೆ ಒಂದೇ ಲ್ಯಾಬಿನ ಮಾತಾಗಿರಬಹುದು ಅಥವಾ ಲ್ಯಾಬ್‌ಗಳ ನಡುವೆ ಒಮ್ಮತವಿಲ್ಲದಿರಬಹುದು, ಮೂರೆಂದರೆ ತಜ್ಞರ ಸಮಿತಿಯೇ ಪರಿಶೀಲಿಸಿದೆ. ನಂತರ ನೋಮ್ಯಾಡ್, ಯಾವ ವ್ಯತ್ಯಾಸ ಎಷ್ಟು ಜನರಲ್ಲಿದೆ ಎಂದು ತೋರಿಸುವ ಅಂತರರಾಷ್ಟ್ರೀಯ ದತ್ತಾಂಶಕೋಶ. ಸಾಮಾನ್ಯ ಜನರಲ್ಲಿ ಧಾರಾಳವಾಗಿ ಕಾಣುವ ವ್ಯತ್ಯಾಸವು ಅಪರೂಪದ ತೀವ್ರ ಕಾಯಿಲೆಗೆ ಕಾರಣವಾಗಿರುವ ಸಂಭವ ತೀರಾ ಕಡಿಮೆ ಎಂಬುದು ಇದರ ತರ್ಕ. ಇಲ್ಲಿ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು. ಅದರ ನಾಲ್ಕನೆಯ ಆವೃತ್ತಿಯಲ್ಲಿರುವ 8,07,162 ಜನರಲ್ಲಿ ದಕ್ಷಿಣ ಏಷ್ಯಾದವರು ಸುಮಾರು 45 ಸಾವಿರ ಮಾತ್ರ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋದ ಒಂದು ವ್ಯತ್ಯಾಸ ನಮ್ಮ ಉಪಖಂಡದಲ್ಲಿ ಸುಮಾರು ಶೇ. 4ರಷ್ಟು ಜನರಲ್ಲಿದೆ ಎಂದು 2009ರಲ್ಲಿ ತಿಳಿಯಿತು. ಯುರೋಪಿನವರ ದತ್ತಾಂಶವನ್ನಷ್ಟೇ ನೋಡಿದವರಿಗೆ ಅದು ಅತಿ ವಿರಳವೆಂದೇ ತೋರುತ್ತಿತ್ತು. ಇದರ ಹಾನಿ ಊಹೆಯದಲ್ಲ. ಅಮೆರಿಕದಲ್ಲಿ ಹೃದಯಸ್ನಾಯುವಿನ ಕಾಯಿಲೆಗೆ ಕಾರಣವೆಂದು ಕಪ್ಪು ಜನಾಂಗದ ರೋಗಿಗಳಿಗೆ ತಿಳಿಸಿದ್ದ ಕೆಲವು ವ್ಯತ್ಯಾಸಗಳು ಅವರ ಸಮುದಾಯದಲ್ಲಿ ಸಾಮಾನ್ಯವಾದ, ನಿರುಪದ್ರವಿ ವ್ಯತ್ಯಾಸಗಳೆಂದು 2016ರಲ್ಲಿ ಪ್ರಕಟವಾಯಿತು. ಹಾಗಾಗಿ ಇಂಡಿಜೀನೋಮ್ಸ್‌ನಲ್ಲಿರುವ 1,029 ಭಾರತೀಯರ ದತ್ತಾಂಶವನ್ನು ತಪ್ಪದೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆಯ 10,000 ಜೀನೋಮ್‌ಗಳ ದತ್ತಾಂಶಕ್ಕೆ ಸಂಶೋಧಕರು ಅರ್ಜಿ ಹಾಕಬಹುದು.

ಇಷ್ಟಾದರೂ ಸುಳಿವು ಸಿಗದಿದ್ದರೆ ಒಂದೇ ಜೀನಿನ ಬಗ್ಗೆ ಹುಡುಕುತ್ತಿರುವವರನ್ನು ಜೋಡಿಸುವ ಜೀನ್‌ಮ್ಯಾಚರ್ ಎಂಬ ಜಾಲತಾಣದಲ್ಲಿ ವೈದ್ಯರು ಜೀನಿನ ಹೆಸರನ್ನು ನೋಂದಾಯಿಸಲಿ. ಮಗುವಿನ ಹೆಸರು, ಫೋಟೊ, ಊರು ಯಾವುದೂ ಬೇಕಿಲ್ಲ. ಬೇರೆ ದೇಶದ ವೈದ್ಯರೊಬ್ಬರು ಅದೇ ಜೀನನ್ನು ನೋಂದಾಯಿಸಿದ್ದರೆ ಇಬ್ಬರಿಗೂ ಇಮೇಲ್ ಹೋಗುತ್ತದೆ. ಮ್ಯಾಚ್‌ಮೇಕರ್ ಎಕ್ಸ್‌ಚೇಂಜ್ ಎಂಬ ಜಾಲವು ಇದನ್ನು ಬ್ರಿಟನ್ನಿನ ಡಿಸೈಫರ್ ಮೊದಲಾದ ಇಂಥದೇ ದತ್ತಾಂಶಕೋಶಗಳ ಜೊತೆ ಜೋಡಿಸುತ್ತದೆ. ಮಾತುಕತೆ ಸಂಶೋಧನೆಯ ಕಡೆಗೆ ತಿರುಗಿದರೆ ಪೋಷಕರ ಲಿಖಿತ ಒಪ್ಪಿಗೆ, ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮಂಜೂರಾತಿ ಇವೆಲ್ಲ ಮಗುವಿನ ರಕ್ತದ ಅಥವಾ ಡಿಎನ್‌ಎ ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಮೊದಲೇ ಆಗಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಓದಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ವರದಿ ವಿಯುಎಸ್ ಆಗಿರುವವರೆಗೆ ಅದೊಂದನ್ನೇ ನಂಬಿ ಮುಂದಿನ ಗರ್ಭವನ್ನು ತೆಗೆಸುವ ತೀರ್ಮಾನಕ್ಕೆ ಬರಬೇಡಿ, ಔಷಧವನ್ನೂ ಬದಲಿಸಬೇಡಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಅಥವಾ ಮಣಿಪಾಲದ ಕೆಎಂಸಿಯ ವೈದ್ಯಕೀಯ ತಳಿವಿಜ್ಞಾನ ವಿಭಾಗದಂತಹ ಕಡೆ ಫೈಲು ತೋರಿಸಿ ಮಾತನಾಡಿ.

ಅರ್ಥ ಖಚಿತವಾದ ದಿನ ಅದನ್ನು ಕ್ಲಿನ್‌ವಾರ್‌ಗೆ ಸಲ್ಲಿಸುವಂತೆ ನಿಮ್ಮ ಲ್ಯಾಬನ್ನು ಕೇಳಿ. ನಮ್ಮ ಕಡೆಯ ಮುಂದಿನ ಮಗುವಿನ ವೈದ್ಯರಿಗೆ ಅಲ್ಲಿ ಹುಡುಕಿದಾಗ ಸಿಗುವುದು ಆ ಒಂದು ಸಾಲೇ. ಇನ್ನೂ ಖಚಿತವಾಗದಿದ್ದರೆ ಒಂದೂವರೆ ಎರಡು ವರ್ಷದ ನಂತರದ ಒಂದು ದಿನಾಂಕವನ್ನು ಫೈಲಿನ ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಆ ದಿನ ಅದೇ ವಿಸಿಎಫ್ ಫೈಲನ್ನು ಮರುವಿಶ್ಲೇಷಣೆಗೆ ಕೊಡಿ.