ಮಾತ್ರೆ ಹೆಚ್ಚಿಸುವ ಮೊದಲು ಬಿಪಿಯನ್ನು ಸರಿಯಾಗಿ ಅಳೆಯಿರಿ

ಅವಸರದಲ್ಲಿ ಒಂದೇ ಸಲ ನೋಡಿದ ಬಿಪಿಯನ್ನು ನಂಬಿ ಡೋಸ್ ಏರಿಸಬಾರದು. ನಡೆದು ಬಂದವರನ್ನು ಕೂರಿಸಿದ ಕೂಡಲೇ ತೋಳಿಗೆ ಪಟ್ಟಿ ಸುತ್ತಿದರೆ ನಿಜವಾದ ಬಿಪಿ ಸಿಗುವುದಿಲ್ಲ.

ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲಿರಲಿ, ಪಟ್ಟಿ ಹೃದಯದ ಮಟ್ಟದಲ್ಲಿರಲಿ; ಕೈ ಜೋತುಬಿದ್ದರೆ ರೀಡಿಂಗ್ ಏರುತ್ತದೆ. ಮಾತಾಡಿದರೂ ಏರುತ್ತದೆ. ಆದ್ದರಿಂದ ಡಾಕ್ಟರೂ ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದು.

ಹೆಚ್ಚು ಎಡವುವುದು ಪಟ್ಟಿಯ ಅಳತೆಯಲ್ಲಿ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಿಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸಿಕೊಂಡು, ಬೇಡದ ಮಾತ್ರೆ ಗಂಟುಬೀಳುತ್ತದೆ. ಕ್ಲಿನಿಕ್‌ನಲ್ಲಿ ದೊಡ್ಡ ಪಟ್ಟಿಯೂ ಇರಲೇಬೇಕು. ಕಟ್ಟುವುದು ಬರಿಯ ತೋಳಿಗೆ, ಅಂಗಿಯ ಮೇಲಲ್ಲ.

ಸ್ಟೆತಾಸ್ಕೋಪ್ ಬಳಸುವವರು ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿಸಿ. ನಾಡಿ ನಿಂತ ಅಂಕಿಗಿಂತ 30 ಮಿ.ಮೀ. (ಪಾದರಸದ ಅಳತೆ) ಮೇಲಕ್ಕೆ ಏರಿಸಿ, ಸೆಕೆಂಡಿಗೆ 2 ಮಿ.ಮೀ.ನಂತೆ ಇಳಿಸಿ. ಬೇಗ ಇಳಿಸಿದರೆ ಮೇಲಿನ ಅಂಕಿ ಕಡಿಮೆಯಾಗಿಯೂ ಕೆಳಗಿನದು ಹೆಚ್ಚಾಗಿಯೂ ಸಿಗುತ್ತದೆ. 138 ಇದ್ದರೆ 138 ಎಂದೇ ಬರೆಯಿರಿ. 140 ಎಂದು ದುಂಡಗೆ ಬರೆಯುವ ಅಭ್ಯಾಸ ಚಿಕಿತ್ಸೆಯನ್ನೇ ಬದಲಿಸೀತು. ನಾಡಿ ಏರುಪೇರಾಗಿದ್ದರೆ ಯಂತ್ರವನ್ನಷ್ಟೇ ನೆಚ್ಚಬೇಡಿ, ಕಿವಿಯಿಂದಲೂ ಕೇಳಿ ಅಳೆಯಿರಿ.

ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಮೊದಲ ಭೇಟಿಯಲ್ಲಿ ಎರಡೂ ತೋಳು ಅಳೆದು, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. ವಯಸ್ಸಾದವರಿಗೆ, ತಲೆಸುತ್ತು ಎನ್ನುವವರಿಗೆ ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೂ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ.

ಮನೆಯಲ್ಲಿ ಅಳೆಯುವವರಿಗೆ ಮಣಿಕಟ್ಟಿನ ಯಂತ್ರಕ್ಕಿಂತ ತೋಳಿನದು ಮೇಲು. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ 7 ದಿನ ಬರೆದಿಡಿ. ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿ ತರಬೇಡಿ, ಎಲ್ಲವೂ ಬೇಕು. ಡಾಕ್ಟರ್ ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ನೋಡಲಿ. ಕ್ಲಿನಿಕ್‌ನಲ್ಲಿ ಹೆಚ್ಚು ಬಿಪಿಗೆ 140/90 ಗಡಿಯಾದರೆ ಮನೆಯ ಸರಾಸರಿಗೆ 135/85.

ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕೈಕಾಲಿನ ಬಲಹೀನತೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಸರಾಸರಿಗೆ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.