ಟ್ಯೂಬ್ ಹಚ್ಚುವ ಮೊದಲು ಒಂದು ಸಲ ಸರಿಯಾಗಿ ನೋಡಿ

ಮುಂಬೈಯಲ್ಲಿ ಮಳೆ ಶುರುವಾಗಿ ಹದಿನೈದು ದಿನ ಆಯಿತೆಂದರೆ ನನ್ನ ಫೋನಿಗೆ ಫೋಟೋಗಳು ಬರತೊಡಗುತ್ತವೆ. ತೊಡೆಸಂದಿ, ಕಂಕುಳು, ಸೊಂಟ, ಬೆರಳ ಸಂದು. ಕಳಿಸುವವರು ಹೆಚ್ಚಾಗಿ ನಮ್ಮ ಕುಂದಾಪುರ ಕಡೆಯ ಹೋಟೆಲ್ ಹುಡುಗರು. "ಸಿಸ್ಟರಕ್ಕ, ಇದು ಎಂತದು? ಯಾವ ಟ್ಯೂಬ್ ಹಚ್ಚಲಿ?" ಎಂದು ಕೇಳುತ್ತಾರೆ.

ಒಂದು ಮುನಿಸಿಪಾಲಿಟಿ ಆಸ್ಪತ್ರೆಯ ಚರ್ಮದ ಓಪಿಡಿಯಲ್ಲಿ ನಾನು 24 ವರ್ಷ ನರ್ಸ್ ಆಗಿದ್ದೆ. ಈಗ ರಿಟೈರ್ ಆಗಿ ಡೊಂಬಿವಲಿಯಲ್ಲಿದ್ದೇನೆ. ಡಾಕ್ಟರ್ ಅಲ್ಲ, ಔಷಧಿ ಬರೆದುಕೊಡುವುದಿಲ್ಲ. ಆದರೆ ಚರ್ಮವನ್ನು ನೋಡುವುದು ಹೇಗೆ ಅಂತ ಅಲ್ಲಿ ಕಲಿತೆ. ಅಷ್ಟನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಬೆಳಕು ಸರಿ ಮಾಡಿಕೊಳ್ಳಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ತಿಳಿ ಕಲೆಗಳು ಕಾಣುವುದೇ ಇಲ್ಲ. ಹಗಲಲ್ಲಿ ಕಿಟಕಿ ಹತ್ತಿರ ನಿಲ್ಲಿ. ಖೋಲಿಗೆ ಕಿಟಕಿ ಇಲ್ಲದಿದ್ದರೆ ಗ್ಯಾಲರಿಗೆ ಬನ್ನಿ. ಆಮೇಲೆ ಮೊಬೈಲ್ ಟಾರ್ಚನ್ನು ಮೇಲಿನಿಂದಲ್ಲ, ಪಕ್ಕದಿಂದ ಹಿಡಿಯಿರಿ. ಉಬ್ಬಿದ ಕಡೆ ನೆರಳು ಬೀಳುತ್ತದೆ. ಈಗ ಕಣ್ಣು ಮುಚ್ಚಿ ಬೆರಳು ಆಡಿಸಿ. ಬಣ್ಣ ಮಾತ್ರ ಬೇರೆಯಾಗಿ ಕೈಗೆ ಏನೂ ತಾಗದಿದ್ದರೆ ಅದು ಕಲೆ. ಚಿಕ್ಕದಾಗಿ ತಾಗಿದರೆ ಗುಳ್ಳೆ. ಒಳಗೆ ಆಳದಲ್ಲಿ ಸಿಕ್ಕರೆ ಗಂಟು. ಹೊಟ್ಟು ಇದೆಯಾ, ನೀರಿದೆಯಾ, ಕೀವಿದೆಯಾ ನೋಡಿ. ಓಪಿಡಿಯಲ್ಲಿ ಹೊಸ ಡಾಕ್ಟರುಗಳಿಗೂ ಮೊದಲ ವಾರ ಇದನ್ನೇ ಕಲಿಸುತ್ತಿದ್ದರು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ "ಕೆಂಪು" ಅಂತ ಬರೆದಿರುತ್ತದೆ, ಚಿತ್ರವೂ ಬಿಳಿ ಚರ್ಮದ್ದೇ ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಂದಾಗಿ, ನೇರಳೆಯಾಗಿ, ಕೆಲವರಲ್ಲಿ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಬಣ್ಣಕ್ಕಿಂತ ಅಂಚನ್ನು ಜಾಸ್ತಿ ನಂಬಿ.

ಅಂಚು ಅಂದ ತಕ್ಷಣ ಹುಳುಕಡ್ಡಿಯ ಮಾತು ಬರುತ್ತದೆ. ಮಳೆಗಾಲದಲ್ಲಿ ನನಗೆ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಇದೇ. ಇಲ್ಲಿ ಕೆಲವರು ಗಜಕರ್ಣ ಅನ್ನುತ್ತಾರೆ, ಮರಾಠಿಯವರು ನಾಯಟಾ, ಹಿಂದಿಯವರು ದಾದ್. ಹೆಸರಲ್ಲಿ ಹುಳು ಇದ್ದರೂ ಇದು ಹುಳು ಅಲ್ಲ, ಒಂದು ಜಾತಿಯ ಬೂಸ್ಟು. ಮಳೆಗಾಲದಲ್ಲಿ ಟ್ರಂಕಿನೊಳಗಿನ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದಲ್ವಾ, ಬೆವರಿ ಒಣಗದ ಮೈಗೂ ಹಾಗೆಯೇ ಹಿಡಿಯುತ್ತದೆ. ಬಳೆಯ ಹಾಗೆ ದುಂಡಗೆ ಹರಡುತ್ತದೆ. ಅಂಚು ಉಬ್ಬಿ, ಹೊಟ್ಟು ಎದ್ದು, ಸಣ್ಣ ಗುಳ್ಳೆಗಳಿಂದ ಕೂಡಿರುತ್ತದೆ. ನಡುಭಾಗ ವಾಸಿಯಾದಂತೆ ಕಾಣುತ್ತದೆ. ಬೆವರಿದಾಗ ತುರಿಕೆ ಹೆಚ್ಚು.

ಇಷ್ಟು ಸ್ಪಷ್ಟವಾಗಿ ಗೊತ್ತಾಗುವ ರೋಗ ಈಗ ಗುರುತೇ ಸಿಗದ ಹಾಗೆ ಆಗುತ್ತಿದೆ. ಕಾರಣ ಟ್ಯೂಬ್. ಮೆಡಿಕಲ್‌ಗೆ ಹೋಗಿ "ದಾದ್ ಹೈ" ಅಂದರೆ ಕೈಗೆ ಬರುವುದು ಹೆಚ್ಚಾಗಿ ಮೂರು ಔಷಧಿ ಬೆರೆಸಿದ ಕ್ರೀಮ್. ಅದರಲ್ಲಿ ಒಂದು ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಆದರೆ ಬೂಸ್ಟು ಸತ್ತಿರುವುದಿಲ್ಲ. ಅದನ್ನು ತಡೆಯಬೇಕಾದ ಚರ್ಮದ ಶಕ್ತಿಯನ್ನೇ ಸ್ಟೀರಾಯ್ಡ್ ಕುಗ್ಗಿಸಿರುತ್ತದೆ. ನಿಲ್ಲಿಸಿದರೆ ಎರಡರಷ್ಟಾಗಿ ಬರುತ್ತದೆ. ಮತ್ತೆ ಹಚ್ಚುತ್ತಾರೆ. ಕೊನೆಗೆ ದುಂಡಗಿನ ಅಂಚು ಅಳಿಸಿಹೋಗಿ, ಬಳೆಯೊಳಗೆ ಬಳೆ ಎದ್ದು, ಏನೆಂದು ಹೇಳುವುದೇ ಕಷ್ಟವಾಗುತ್ತದೆ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಹರಿದ ಹಾಗೆ ಗೆರೆ ಬಿದ್ದರೆ ಆ ಗೆರೆ ಜೀವಮಾನಪೂರ್ತಿ ಹೋಗುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗರ ಮೈಮೇಲೆ ಅದನ್ನು ನೋಡಿ ನನಗೆ ಎಷ್ಟೋ ಸಲ ಕಣ್ಣಲ್ಲಿ ನೀರು ಬಂದಿದೆ. ಇದರ ಮೇಲೆ, ಸಾಮಾನ್ಯ ಔಷಧಿಗೆ ಸುಲಭವಾಗಿ ಬಗ್ಗದ ಒಂದು ಬೂಸ್ಟು ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರೇ ಅದಕ್ಕೆ ಸೇರಿಕೊಂಡಿದೆ.

ಆದ್ದರಿಂದ ಮನೆಯಲ್ಲಿರುವ ಟ್ಯೂಬನ್ನು ಈಗಲೇ ತೆಗೆದು ಸಣ್ಣಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್. ಇವುಗಳಲ್ಲಿ ಒಂದು ಹೆಸರು ಕಂಡರೂ ಅದು ಸ್ಟೀರಾಯ್ಡ್. ಇಸುಬಿಗೆ (ಎಕ್ಸಿಮಾ), ಸೋರಿಯಾಸಿಸ್‌ಗೆ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಯೇ. ಹುಳುಕಡ್ಡಿಗೆ ಬೇಡ. ಮುಖ ಬೆಳ್ಳಗಾಗಲಿ ಅಂತ ಹಚ್ಚುವುದಂತೂ ಬೇಡವೇ ಬೇಡ. ಹುಳುಕಡ್ಡಿಗೆ ಬರೆದುಕೊಟ್ಟ ಮುಲಾಮನ್ನು ಅಂಚಿನಿಂದ ಒಂದು ಬೆರಳಗಲ ಹೊರಗಿನವರೆಗೂ ಹಚ್ಚಬೇಕು. ಕಲೆ ಮಾಯವಾಯಿತು ಅಂತ ಅವತ್ತೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ದಿನದವರೆಗೆ ಹಚ್ಚಲೇಬೇಕು.

ಇನ್ನು ಕಜ್ಜಿ. ಹುಳುಕಡ್ಡಿಯಲ್ಲಿ ಇಲ್ಲದ ಹುಳು ಇದರಲ್ಲಿ ನಿಜವಾಗಿ ಇದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಇದಕ್ಕೆ ಕಣ್ಣಿಗಿಂತ ಕಿವಿ ಮುಖ್ಯ, ಎರಡೇ ಪ್ರಶ್ನೆ ಸಾಕು. ರಾತ್ರಿ ತುರಿಕೆ ಜಾಸ್ತಿಯಾ? ಜೊತೆಗೆ ಮಲಗುವವರಿಗೂ ಇದೆಯಾ? ಎರಡಕ್ಕೂ ಹೌದು ಅಂದರೆ ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟದ ಪಟ್ಟಿ, ಗಂಡಸರಲ್ಲಿ ಜನನಾಂಗದ ಮೇಲೆ ನೋಡಿ. ನಾಚಿಕೆಯಿಂದ ಆ ಕೊನೆಯ ಜಾಗವನ್ನು ಯಾರೂ ತೋರಿಸುವುದಿಲ್ಲ. ಅಲ್ಲಿ ತುರಿಸುವ ಗುಳ್ಳೆ ಇದ್ದರೆ ಕಜ್ಜಿಯ ಗುಮಾನಿ ಬಲವಾಗುತ್ತದೆ.

ಹೋಟೆಲ್ ಮೇಲಿನ ಒಂದೇ ಖೋಲಿಯಲ್ಲಿ ಎಂಟು ಜನ ಮಲಗುತ್ತಾರೆ. ಚಾದರ ಯಾರದ್ದು ಯಾರಿಗೋ. ಒಬ್ಬನಿಗೆ ಮಾತ್ರ ಔಷಧಿ ಕೊಟ್ಟರೆ ಮೂರು ವಾರಕ್ಕೆ ಮತ್ತೆ ಅವನಿಗೇ ಬರುತ್ತದೆ. ಮೊದಲ ಸಲ ಕಜ್ಜಿ ಹತ್ತಿದವನಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ತುರಿಕೆ ಇಲ್ಲದವನೂ ಹಂಚುತ್ತಿರುತ್ತಾನೆ. ಎಂಟೂ ಜನ ಒಂದೇ ರಾತ್ರಿ ಹಚ್ಚಬೇಕು. ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ, ಉಗುರಿನ ಕೆಳಗೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ, ಚಾದರ ಬಿಸಿನೀರಿಗೆ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಹುಳು ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಅಂತ ದಿನಾ ಹಚ್ಚುತ್ತಾ ಕೂರಬೇಡಿ.

ಪಾತ್ರೆ ತೊಳೆಯುವವರ ಕೈ ಬೇರೆಯೇ. ಒಡೆದು, ಒಣಗಿ, ಉರಿಯುತ್ತಿದ್ದರೆ ಅದು ಸೋಪಿನ ಇಸುಬು. ನಡುಬೆರಳು, ಉಂಗುರದ ಬೆರಳಿನ ಸಂದಿನಲ್ಲಿ ಬೆಳ್ಳಗೆ ನೆನೆದ ಹಾಗೆ ಸುಲಿದಿದ್ದರೆ, ಉಗುರುಸುತ್ತು ಬಾತಿದ್ದರೆ, ಅಲ್ಲಿ ಬೂಸ್ಟಿನ ಇನ್ನೊಂದು ಜಾತಿ ಸೇರಿದೆ. ಯಾವುದೇ ಆದರೂ ಕೈ ಒಣಗಿರಲು ಬಿಡದೆ ವಾಸಿಯಾಗುವುದಿಲ್ಲ. ಮಾಲೀಕರು ಆ ಹುಡುಗನನ್ನು ಹದಿನೈದು ದಿನ ಪಾತ್ರೆ ತೊಳೆಯುವ ಮೋರಿಯಿಂದ ಎಬ್ಬಿಸಿ ಟೇಬಲ್ ಕೆಲಸಕ್ಕೆ ಹಾಕಬೇಕು. ಇದನ್ನು ನಾನು ಎಷ್ಟೋ ಮಾಲೀಕರ ಹತ್ತಿರ ಕೈಮುಗಿದು ಹೇಳಿದ್ದೇನೆ.

ಈಗ ಬಿಳಿ ಕಲೆಗಳು. ಇಲ್ಲಿ ನಾನೇ ತಪ್ಪಿದ್ದೇನೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ನನ್ನ ಮೈದುನ ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ದೋಸೆ ಹಾಕುತ್ತಿದ್ದ. ಒಂದು ಚೌತಿಗೆ ಮನೆಗೆ ಬಂದಾಗ ಮೊಣಕೈ ಕೆಳಗಿನ ತಿಳಿ ಕಲೆ ತೋರಿಸಿದ. ನಾನು ಕಡುಬು ಬೇಯಿಸುತ್ತಿದ್ದೆ. ದೂರದಿಂದಲೇ ನೋಡಿ "ಚಿಬ್ಬು ಮಾರಾಯ, ಬೆವರಿಗೆ ಬಂದದ್ದು" ಅಂದೆ. ಎಂಟು ತಿಂಗಳ ಮೇಲೆ ಮತ್ತೆ ಬಂದ. ಅದೇ ಕಲೆಯ ಮೇಲೆ ಕಾವಲಿ ತಾಗಿ ಸುಟ್ಟ ಗಾಯ. "ಸುಟ್ಟದ್ದು ಗೊತ್ತೇ ಆಗಲಿಲ್ಲ ಅತ್ತಿಗೆ" ಅಂದ. ನನ್ನ ಎದೆ ಧಸಕ್ಕೆಂದಿತು. ಮೊಣಕೈ ಒಳಬದಿಯ ನರ ಹಗ್ಗದ ಹಾಗೆ ದಪ್ಪವಾಗಿತ್ತು. ಅದು ಕುಷ್ಠ.

ಆವತ್ತು ಚೌತಿಯಲ್ಲಿ ಮಾಡಬೇಕಿದ್ದ ಪರೀಕ್ಷೆಗೆ ಎರಡು ನಿಮಿಷ ಸಾಕಿತ್ತು. ಸ್ವಲ್ಪ ಹತ್ತಿ ತೆಗೆದುಕೊಂಡು ತುದಿಯನ್ನು ಬತ್ತಿಯ ಹಾಗೆ ಹೊಸೆಯಿರಿ. ಮೊದಲು ಕಣ್ಣು ತೆರೆದಿರುವಾಗಲೇ ಚೆನ್ನಾಗಿರುವ ಚರ್ಮಕ್ಕೆ ಮುಟ್ಟಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಲು ಹೇಳಿ. ಎಲ್ಲಿ ಮುಟ್ಟಿದಿರೋ ಅಲ್ಲಿಗೆ ಅವರು ಒಂದು ಬೆರಳಿಟ್ಟು ತೋರಿಸಬೇಕು. ಒಮ್ಮೆ ಕಲೆಯ ಮೇಲೆ, ಒಮ್ಮೆ ಹೊರಗೆ, ಕ್ರಮವಿಲ್ಲದೆ ಮುಟ್ಟಿ. ಎಳೆಯಬೇಡಿ, ಸುಮ್ನೆ ತಾಗಿಸಿ. "ಗೊತ್ತಾಯ್ತಾ?" ಅಂತ ಕೇಳಬೇಡಿ, ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಕಲೆಯ ಮೇಲೆ ಮುಟ್ಟಿದ್ದು ಮತ್ತೆ ಮತ್ತೆ ತಪ್ಪಿದರೆ ಮರುದಿನವೇ ಆಸ್ಪತ್ರೆಗೆ ಹೋಗಿ. ಮುಖದ ಕಲೆಯಲ್ಲಿ ಮಾತ್ರ ಸ್ಪರ್ಶ ಉಳಿದಿರಬಹುದು, ಅದನ್ನು ಈ ಪರೀಕ್ಷೆಯಿಂದ ತೀರ್ಮಾನಿಸಬೇಡಿ.

ಉಳಿದ ಬಿಳಿ ಕಲೆಗಳನ್ನು ಹೀಗೆ ಬೇರೆ ಮಾಡಿ. ಚಿಬ್ಬು ಎದೆ, ಬೆನ್ನು, ಕುತ್ತಿಗೆಯಲ್ಲಿ ಚೂರು ಚೂರಾಗಿರುತ್ತದೆ, ಉಗುರಿನಿಂದ ಕೆರೆದರೆ ಹಿಟ್ಟಿನಂಥ ಹೊಟ್ಟು ಏಳುತ್ತದೆ. ಇದೂ ಒಂದು ಬೂಸ್ಟೇ. ಔಷಧಿಗೆ ಅದು ಸತ್ತರೂ ಚರ್ಮದ ಬಣ್ಣ ಮರಳಲು ತಿಂಗಳುಗಳು ಬೇಕು. ತೊನ್ನು ಹಾಲಿನ ಹಾಗೆ ಬಿಳಿ, ಹೊಟ್ಟಿಲ್ಲ, ಸ್ಪರ್ಶ ಸರಿಯಾಗಿರುತ್ತದೆ, ಯಾರಿಗೂ ಅಂಟುವುದಿಲ್ಲ. ಕುಷ್ಠದ ಕಲೆ ಹಾಲಿನಷ್ಟು ಬಿಳಿ ಇರುವುದಿಲ್ಲ. ಮಾಸಲು ಅಥವಾ ತಾಮ್ರದ ಬಣ್ಣ, ಒಣಗಿದ ಚರ್ಮ, ಕೂದಲು ಉದುರಿರಬಹುದು, ಬೆವರೂ ಬರದಿರಬಹುದು. ಮಕ್ಕಳ ಕೆನ್ನೆಯ ತಿಳಿ ಕಲೆಗೆ ಕ್ಯಾಲ್ಶಿಯಂ ಕಮ್ಮಿ, ಜಂತುಹುಳು ಅಂತೆಲ್ಲ ಹೇಳುತ್ತಾರೆ. ಹೆಚ್ಚಿನ ಸಲ ಅದು ಒಣಚರ್ಮದ ಸಣ್ಣ ಇಸುಬು ಅಷ್ಟೇ, ಕೊಬ್ಬರಿ ಎಣ್ಣೆ ಹಚ್ಚಿ.

ಈ ಊರಲ್ಲಿ ಮಾತೇ ಒಂದು ತೊಂದರೆ. ಮರಾಠಿಯಲ್ಲಿ ಕೋಡ್ ಅಂದರೆ ತೊನ್ನು. ಹಿಂದಿಯಲ್ಲಿ ಕೋಢ್ ಅಂದರೆ ಕುಷ್ಠ. ತುಟಿಯ ಮೇಲೆ ತೊನ್ನಿದ್ದ ಕಲ್ಯಾಣದ ಹುಡುಗಿಯೊಬ್ಬಳ ತಾಯಿ ನಲ್ಲಿಯ ಹತ್ತಿರ "ಕೋಡ್" ಅಂದಳಂತೆ. ಉತ್ತರದ ಕಡೆಯ ಪಕ್ಕದ ಮನೆಯವರು ಮರುದಿನದಿಂದ ಆ ನಲ್ಲಿಗೇ ಬರಲಿಲ್ಲ. ಇನ್ನು ನಿಜವಾಗಿ ಕುಷ್ಠವೇ ಆದರೂ ದೂರ ಇಡಬೇಕಾದ ಕಾಲ ಹೋಯಿತು. ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ, ಆರು ಅಥವಾ ಹನ್ನೆರಡು ತಿಂಗಳ ಕೋರ್ಸ್. ಶುರು ಮಾಡಿದ ಮೇಲೆ ಹರಡುವುದು ಬೇಗನೆ ನಿಲ್ಲುತ್ತದೆ. ವಡಾಲಾದ ಅಕ್‌ವರ್ತ್ ಆಸ್ಪತ್ರೆ 1890ರಿಂದ ಇದೇ ಕೆಲಸ ಮಾಡುತ್ತಿದೆ. ನನ್ನ ಮೈದುನ ವಾಸಿಯಾದ. ಆದರೆ ತಡವಾದ್ದರಿಂದ ಕಿರುಬೆರಳು, ಉಂಗುರದ ಬೆರಳಿನ ಬಲ ಬರಲಿಲ್ಲ. ಸಟ್ಟುಗ ಹಿಡಿಯಲಾಗದೆ ಈಗ ಗಲ್ಲಾದಲ್ಲಿ ಕೂರುತ್ತಾನೆ.

ಸೋರಿಯಾಸಿಸ್ ಮೊಣಕೈ, ಮೊಣಕಾಲು, ತಲೆಯಲ್ಲಿ ದಪ್ಪ ಬೆಳ್ಳಿಯಂಥ ಹೊಟ್ಟಿನಿಂದ ಬರುತ್ತದೆ, ಅಂಟುವುದಿಲ್ಲ. ಸರ್ಪಸುತ್ತಿನಲ್ಲಿ ಮೊದಲು ಉರಿ, ಆಮೇಲೆ ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ನೀರುಗುಳ್ಳೆ. ಎರಡು ತುದಿ ಕೂಡಿದರೆ ಸಾಯುತ್ತಾರೆ ಅನ್ನುವುದು ಸುಳ್ಳು. ಕೆಮ್ಮಣ್ಣು ಹಚ್ಚಿ ದಿನ ಕಳೆಯಬೇಡಿ, ಔಷಧಿ ಮೂರು ದಿನದೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಿನ ಹತ್ತಿರ ಅಥವಾ ಮೂಗಿನ ತುದಿಯಲ್ಲಿ ಬಂದರೆ ಅವತ್ತೇ ಹೋಗಿ. ಮಚ್ಚೆ ಬೆಳೆದು ಅಂಚು ಒಡ್ಡೊಡ್ಡಾದರೆ, ಅಂಗಾಲಿನಲ್ಲಿ ಅಥವಾ ಉಗುರಿನಡಿಯಲ್ಲಿ ಹೊಸ ಕಪ್ಪು ಕಂಡರೆ ತೋರಿಸಿ.

ಕೆಲವಕ್ಕೆ ಓಪಿಡಿ ಸಮಯ ಕಾಯಬಾರದು. ಯಾವುದೋ ಮಾತ್ರೆ ತಿಂದ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ. ಮೈಯೆಲ್ಲ ಗಂಧೆ (ತುರಿಸುವ ದದ್ದು) ಎದ್ದು ತುಟಿ ಊದಿ ಉಸಿರು ಕಟ್ಟಿದರೆ. ಜ್ವರದ ಜೊತೆ ಚುಕ್ಕೆ ಎದ್ದು, ಗಾಜಿನ ಲೋಟ ಒತ್ತಿದರೂ ಅದು ಮಾಯವಾಗದಿದ್ದರೆ. ಕಾಲು ಬಿಸಿಯಾಗಿ ಊದಿಕೊಂಡರೆ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಊತ ಗೆರೆ ದಾಟಿದರೆ, ಇಲ್ಲವೇ ಚಳಿಜ್ವರ ಬಂದರೆ, ರಾತ್ರಿಯಾದರೂ ಹೊರಡಿ.

ಉಳಿದದ್ದಕ್ಕೆ ಮುಂಬೈಯ ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರವೋ ಅಲ್ಲಿಯ ಚರ್ಮದ ಓಪಿಡಿಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಕಲೆ ಶುರುವಾದಾಗಿನ ಫೋಟೋ ಇದ್ದರೆ ತೋರಿಸಿ. ಹೋಗುವ ದಿನ ಆ ಜಾಗಕ್ಕೆ ಏನೂ ಹಚ್ಚಬೇಡಿ, ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು. ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಖಾಲಿಯಾದದ್ದನ್ನೂ. ಬೈತಾರೆ ಅಂತ ಮುಚ್ಚಿಡಬೇಡಿ. ಡಾಕ್ಟರಿಗೆ ಮೊದಲು ಬೇಕಾಗುವುದು ಆ ಚೀಲವೇ.