ಬೆಳಿಗ್ಗೆ ಸಿನಿಮಾ, ಸಂಜೆಗೆ ವಿಮರ್ಶೆ

ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವರಿಗೆ ಶುಕ್ರವಾರ ಅಂದರೆ ಓಟದ ದಿನ. ಬೆಳಗಿನ ಶೋ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಸಂಜೆಯೊಳಗೆ ಶನಿವಾರದ ಪುಟಕ್ಕೆ ಬರಹ ಕೊಡಬೇಕು. ಸಿಗುವ ಜಾಗ 300 ಪದ, ಜಾಹೀರಾತು ಬಂದರೆ ಇನ್ನೂ ಕಡಿಮೆ.

ಪ್ರೀಮಿಯರ್‌ಗೆ ಕರೆದರೂ ನಾನು ಥಿಯೇಟರ್‌ಗೇ ಹೋಗುತ್ತೇನೆ. ಪ್ರೀಮಿಯರ್‌ನಲ್ಲಿ ಕೂತವರು ಹೆಚ್ಚಿನಂಶ ಚಿತ್ರತಂಡದ ಗೆಳೆಯರು, ನೆಂಟರು. ಎಲ್ಲ ಸೀನಿಗೂ ಚಪ್ಪಾಳೆ. ದುಡ್ಡು ಕೊಟ್ಟು ಬಂದವರು ಹಾಗಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರ್‌ಗಳಲ್ಲಿ, ಸಿನಿಮಾ ಸಡಿಲವಾದ ಕೂಡಲೇ ಜನ ಸೀಟು ಬಿಟ್ಟು ಹೊರಗೆ ಹೋಗುತ್ತಿದ್ದರು. ಈಗ ಸಾಲುಸಾಲು ಫೋನು ಬೆಳಗುತ್ತವೆ. ಹಾಗಂತ ಶಿಳ್ಳೆಯನ್ನೇ ತೀರ್ಪು ಮಾಡಿಕೊಳ್ಳುವುದಿಲ್ಲ. ಜನ ಸುಮ್ನೆ ಕೂತು ನೋಡುವ ಒಳ್ಳೆಯ ಸಿನಿಮಾಗಳೂ ಇವೆ ಅಲ್ವಾ?

ಕತ್ತಲಲ್ಲಿ ನೋಟ್‌ಬುಕ್ ನೋಡದೆ ಬರೆಯುವುದು ಅಭ್ಯಾಸವಾಗಿದೆ. ಪುಟಕ್ಕೆ ನಾಲ್ಕೇ ಸಾಲು. ಜಾಸ್ತಿ ಬರೆದರೆ ಸಾಲಿನ ಮೇಲೆ ಸಾಲು ಬೀಳುತ್ತದೆ. ಬರೆದುಕೊಳ್ಳುವುದು ಅಭಿಪ್ರಾಯವಲ್ಲ, ಕಂಡದ್ದು, ಕೇಳಿದ್ದು. ‘ಅಮ್ಮ ಹೊಸಿಲಲ್ಲೇ ನಿಂತಳು.’ ‘ಜಗಳ ನಡೆಯುವಾಗಲೂ ಮಿಕ್ಸಿ ನಿಲ್ಲಿಸಲಿಲ್ಲ.’ ಇಂಥ ಒಂದು ಸಾಲು ವಿಮರ್ಶೆಗೆ ಬಂದರೆ ಓದುಗರಿಗೆ ಸಿನಿಮಾ ಕಾಣುತ್ತದೆ. ‘ಛಾಯಾಗ್ರಹಣ ಚೆನ್ನಾಗಿದೆ’ ಅಂದರೆ ಏನು ಕಂಡಂತಾಯಿತು?

ಹೀಗೆ ನೋಡುವುದನ್ನು ನನಗೆ ಕಲಿಸಿದ್ದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. 1977ರ ಚಿತ್ರ, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಕ್ಯಾಮೆರಾ. ಗರ್ಭಿಣಿಯಾದ ಎಳೆ ವಯಸ್ಸಿನ ವಿಧವೆ ಯಮುನಾಳ ಪಾಡನ್ನು ನಾವು ಹೆಚ್ಚಾಗಿ ನಾಣಿ ಎಂಬ ಪುಟ್ಟ ಹುಡುಗನ ಜೊತೆ ನಿಂತು ನೋಡುತ್ತೇವೆ. ಅವನಿಗೆ ಪೂರ್ತಿ ತಿಳಿಯದ್ದು ನಮಗೆ ತಿಳಿಯುತ್ತದೆ. ಹೊಟ್ಟೆಯಲ್ಲಿ ಸಂಕಟ ಆಗುವುದು ಅದಕ್ಕೇ. ಈ ಚಿತ್ರಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿದ್ದನ್ನು ಎಲ್ಲರೂ ಹೇಳುತ್ತಾರೆ. ನಾನು ಕಿರಿಯರಿಗೆ ಹೇಳುವುದು, ಆ ಹುಡುಗ ಎಲ್ಲಿ ನಿಂತಿದ್ದಾನೆ ನೋಡಿ ಅಂತ.

ಸ್ಟಾರ್ ಕೊಡುವುದು ನನಗೆ ಇಷ್ಟವಿಲ್ಲದ ಕೆಲಸ. ಓದುಗರು ಅಷ್ಟನ್ನೇ ನೋಡಿ ಪುಟ ತಿರುಗಿಸುತ್ತಾರೆ.

ಚಿತ್ರ ಮಾಡಿದವರ ಫೋನೂ ಬರುತ್ತದೆ. “ಸಾರ್, ಮನೆ ಅಡ ಇಟ್ಟು ಮಾಡಿದ್ದೀವಿ, ಸ್ವಲ್ಪ ನೋಡಿ ಬರೀರಿ.” ಆ ನೋವು ನಿಜ. ಶುಕ್ರವಾರ ಜನ ಬರದಿದ್ದರೆ ಸೋಮವಾರದ ಹೊತ್ತಿಗೆ ಶೋಗಳೇ ಕಡಿಮೆಯಾಗುತ್ತವೆ. ಆದರೂ ಮಕ್ಕಳನ್ನು ಕರೆದುಕೊಂಡು ಥಿಯೇಟರ್‌ಗೆ ಹೊರಟವರ ದುಡ್ಡೂ ಬೆವರಿನದೇ. ಅವರಿಗೆ ಸುಳ್ಳು ಹೇಳಲಾರೆ. ನನ್ನ ಕೈಲಾಗುವುದು ಇಷ್ಟು: ಚಿತ್ರ ಸೋತಿದ್ದರೂ ಒಂದೇ ದೃಶ್ಯದಲ್ಲಿ ಚೆನ್ನಾಗಿ ನಟಿಸಿದವರು ಸಿಕ್ಕರೆ, ಕೊನೆಯ ಟೈಟಲ್ ಕಾರ್ಡ್‌ವರೆಗೆ ಕೂತು ಹೆಸರು ಹುಡುಕಿ ಬರೆಯುತ್ತೇನೆ.